ಲಾರಿಯ ಎರಡನೆಯ ವ್ಯಕ್ತಿ

ನಮ್ಮ ಭಾವ ಇಪ್ಪತ್ತಾರು ವರ್ಷ ಮಾಡಿದ ಕೆಲಸ ಕೂರುವುದು. ಅಕ್ಕನ ಗಂಡನ ಬಗ್ಗೆ ಹಗುರವಾಗಿ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅವರ ಗುರುತಿನ ಚೀಟಿಯ ಮೇಲೆ ಸರ್ಕಾರವೇ ಹಾಗೆಂದು ಅಚ್ಚು ಹಾಕಿಸಿದೆ: ‘ಭಾರೀ ವಾಹನದಲ್ಲಿ ಆಸೀನನಾಗತಕ್ಕ ಎರಡನೆಯ ವ್ಯಕ್ತಿ’. ಬೆಳಿಗ್ಗೆ ನಮ್ಮೂರ ವೃತ್ತದಲ್ಲಿ ಅವರು ಒಂದು ಲಾರಿ ಹತ್ತಿ ಡ್ರೈವರನ ಪಕ್ಕ ಕೂರುತ್ತಿದ್ದರು. ಅರವತ್ತೆರಡು ಕಿಲೋಮೀಟರು ಕೂತಿದ್ದು ಗಡಿಯ ಗೇಟಿನಲ್ಲಿ ಇಳಿಯುತ್ತಿದ್ದರು. ಆ ಕಡೆಯಿಂದ ಬರುವ ಇನ್ನೊಂದು ಲಾರಿ ಹತ್ತಿ ಮತ್ತೆ ಅಷ್ಟೇ ದೂರ ಕೂತು ಊಟದ ಹೊತ್ತಿಗೆ ಮನೆ ಸೇರುತ್ತಿದ್ದರು. ಮಧ್ಯಾಹ್ನ ಇನ್ನೊಂದು ಸುತ್ತು.

ಇಂಥದ್ದೊಂದು ಉದ್ಯೋಗ ಹುಟ್ಟಿದ್ದು ಹೇಗೆಂದರೆ, ನಮ್ಮ ದೇಶಕ್ಕೆ ಬಂದರಿದೆ, ಪಕ್ಕದ ದೇಶಕ್ಕೆ ಇಲ್ಲ, ಅದರಾಚೆಯ ದೇಶದವರು ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದಾರೆ. ಬಂದರಿನಲ್ಲಿ ಇಳಿದ ಸರಕು ಒಂದೇ ಹೆದ್ದಾರಿಯಲ್ಲಿ ಮೂರು ದೇಶ ಹಾಯಬೇಕು. ರಸ್ತೆ ಒಂದೇ, ಡಾಂಬರು ಒಂದೇ, ಗುಂಡಿಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ಕಾಯಿದೆ ಮಾತ್ರ ಮೂರು. ನಮ್ಮ ಕಾಯಿದೆಯ ಪ್ರಕಾರ ಭಾರೀ ಲಾರಿಯಲ್ಲಿ ಇಬ್ಬರು ಇರಲೇಬೇಕು, ಒಬ್ಬನು ಓಡಿಸುವುದಕ್ಕೆ, ಇನ್ನೊಬ್ಬನು ಅವನು ತೂಕಡಿಸದಂತೆ ನೋಡಿಕೊಳ್ಳುವುದಕ್ಕೆ. ಪಕ್ಕದ ದೇಶದಲ್ಲಿ ಒಬ್ಬನೇ ಇರಬೇಕು. ಇನ್ನೊಬ್ಬನಿದ್ದರೆ ಮಾತಿಗೆ ಮಾತು ಬೆಳೆದು ಲಾರಿ ಹಳ್ಳಕ್ಕೆ ಇಳಿಯುತ್ತದಂತೆ. ಮೂರನೆಯ ದೇಶದವರಿಗೆ ಒಳಗೆ ಎಷ್ಟು ಜನರಿದ್ದಾರೆ ಎನ್ನುವುದರ ಗೊಡವೆಯಿಲ್ಲ, ಒಂದು ಬಕೆಟ್ ಮರಳಿದ್ದರೆ ಸಾಕು. ಮೂವರ ವಾದವೂ ಬಿಡಿಬಿಡಿಯಾಗಿ ಕೇಳಿದಾಗ ಸರಿಯೆನಿಸುತ್ತದೆ. ಒಟ್ಟಿಗೆ ಕೇಳಿದರೆ ತಲೆ ಗಿರ್ರೆನ್ನುತ್ತದೆ.

ನಮ್ಮ ಕಾಯಿದೆ ಇಡೀ ದೇಶಕ್ಕೆ ಅನ್ವಯಿಸಿದರೂ ತಪಾಸಣೆ ನಡೆಯುತ್ತಿದ್ದುದು ನಮ್ಮೂರಿನಿಂದ ಗಡಿಯವರೆಗೆ ಮಾತ್ರ, ಏಕೆಂದರೆ ತಪಾಸಣೆಯವರ ಮನೆಗಳಿರುವುದು ಅಲ್ಲೇ. ಆದ್ದರಿಂದ ಡ್ರೈವರುಗಳು ಬಂದರಿನಿಂದ ಒಬ್ಬರೇ ಬಂದು ನಮ್ಮೂರ ವೃತ್ತದಲ್ಲಿ ಒಬ್ಬ ಎರಡನೆಯವನನ್ನು ಹತ್ತಿಸಿಕೊಳ್ಳುತ್ತಿದ್ದರು, ಗೇಟಿನಲ್ಲಿ ಅವನನ್ನು ಇಳಿಸಿ ಮುಂದೆ ಹೋಗುತ್ತಿದ್ದರು. ಹೀಗೆ ಕೂರುವ ಹನ್ನೊಂದು ಮಂದಿ ಊರಿನಲ್ಲಿದ್ದರು. ಭಾವ ಅವರೆಲ್ಲರಿಗೂ ಹಿರಿಯರು.

ಆ ಹಿರಿತನವನ್ನು ಅವರು ಹಗುರವಾಗಿ ತೆಗೆದುಕೊಂಡವರಲ್ಲ. ಇಸ್ತ್ರಿ ಮಾಡಿದ ಅಂಗಿ ಇಲ್ಲದೆ ಲಾರಿ ಹತ್ತುತ್ತಿರಲಿಲ್ಲ. ಕೈಚೀಲದಲ್ಲಿ ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಅಕ್ಕ ಚೂರುಬಟ್ಟೆಗಳಲ್ಲಿ ಹೊಲಿದುಕೊಟ್ಟ ಮೆತ್ತೆ, ದಾರ ಕಟ್ಟಿದ ಪೆನ್ನು. ಗೇಟಿನ ದಾಖಲೆ ಪುಸ್ತಕದಲ್ಲಿ ‘ಎರಡನೆಯ ವ್ಯಕ್ತಿಯ ಸಹಿ’ ಎಂಬ ಜಾಗದಲ್ಲಿ ಅವರು ಹಾಕುತ್ತಿದ್ದ ಸಹಿ ಪಕ್ಕದ ಎರಡು ಮನೆಗಳನ್ನೂ ಆಕ್ರಮಿಸುತ್ತಿತ್ತು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ‘ಅಂತರರಾಷ್ಟ್ರೀಯ ಸಾರಿಗೆಯಲ್ಲಿದ್ದೇನೆ’ ಎನ್ನುತ್ತಿದ್ದರು. ಗೇಟಿನ ಮುಂದೆ ಬಳಿದ ಹಳದಿ ಗೆರೆಯನ್ನು ಒಂದು ದಿನವೂ ದಾಟಿದವರಲ್ಲ.

ಕೂತ ಹತ್ತು ನಿಮಿಷಕ್ಕೆ ಅವರಿಗೆ ನಿದ್ದೆ ಬರುತ್ತಿತ್ತೆಂಬುದೂ ನಿಜ. ಇದರಿಂದ ಕಾಯಿದೆಯ ಉದ್ದೇಶಕ್ಕೆ ಭಂಗ ಬಂತೆನ್ನುವ ಹಾಗಿಲ್ಲ. ಆ ಗೊರಕೆ ಪಕ್ಕದಲ್ಲಿರುವಾಗ ತೂಕಡಿಸುವುದು ಮನುಷ್ಯಮಾತ್ರದವನಿಗೆ ಸಾಧ್ಯವಿಲ್ಲವೆಂದು ಡ್ರೈವರುಗಳೇ ಹೇಳುತ್ತಿದ್ದರು. ನಿದ್ದೆ ಬಾರದ ದಿನ ಅವರು ಡ್ರೈವರನ ಕಷ್ಟಸುಖ ಕೇಳುತ್ತಿದ್ದರು. ಮನೆಗೆ ಬಂದು ಅದನ್ನೆಲ್ಲ ಅಕ್ಕನಿಗೆ ಹೇಳುತ್ತಿದ್ದರು: ಅಣ್ಣತಮ್ಮಂದಿರು ಜಗಳವಾಡಿ ಮನೆಯ ಮಧ್ಯೆ ಗೋಡೆ ಎಬ್ಬಿಸಿದರು, ಗೋಡೆಗೆ ಬಾಗಿಲು ಇಡುವುದೋ ಬೇಡವೋ ಎಂದು ಪಂಚಾಯಿತಿ ಕೂಡಿತು. ಅಕ್ಕ ಕತ್ತರಿ ಕೆಳಗಿಟ್ಟು ‘ಆಮೇಲೆ?’ ಎಂದರೆ ಭಾವ ‘ಆಮೇಲೆ ಗೇಟು ಬಂತು’ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಒಂದು ಕತೆಯ ಕೊನೆಯನ್ನೂ ಕೇಳದೆ ಸಂಸಾರ ಮಾಡಿದ ಹೆಂಗಸು ನಮ್ಮಕ್ಕ.

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಹಗಲೆಲ್ಲ ಹೊರಗಿರುವುದು ಅವಳಿಗೂ ಹಿತ, ಅವರಿಗೂ ಹಿತ. ಸಂಜೆ ಐದಕ್ಕೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದಾಗ ಅದರಲ್ಲಿ ಒಂದಿಷ್ಟು ಹೊಸತು ಇರುತ್ತಿತ್ತು. ಇನ್ನು ನಾನು ಅವಳ ತಮ್ಮ. ಗೇಟಿನ ಹತ್ತಿರದ ಕಾಗದಪತ್ರದ ಆಫೀಸಿನಲ್ಲಿ ಲಾರಿಯವರ ಫಾರಂ ತುಂಬುವವನು. ಸುತ್ತೋಲೆ ಓದಬಲ್ಲವನೆಂದು ಮನೆಯಲ್ಲಿ ನನಗೊಂದು ಹೆಸರಿತ್ತು. ಅರ್ಥವಾಗದ ಸುತ್ತೋಲೆಯನ್ನು ಎರಡು ಸಲ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, ‘ಇದರಲ್ಲಿ ಬಹಳ ಇದೆ’ ಎಂದು ಹೇಳಿ ಆ ಹೆಸರನ್ನು ಕಾಪಾಡಿಕೊಂಡು ಬಂದಿದ್ದೆ.

ಮೂರು ದೇಶಗಳಿಗೂ ಒಂದೇ ಸಾರಿಗೆ ನೀತಿ ತರುವ ಮಾತುಕತೆ ಶುರುವಾಗಿ ಒಂಬತ್ತು ವರ್ಷವಾಗಿತ್ತು. ವರ್ಷಕ್ಕೆರಡು ಸಲ ಬಿಳಿ ವ್ಯಾನುಗಳು ಗೇಟಿನಲ್ಲಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಹೋಗುತ್ತಿದ್ದವು. ವ್ಯಾನಿನಲ್ಲಿ ಎಷ್ಟು ಜನ ಇರಬೇಕೆಂಬುದಕ್ಕೆ ಯಾವ ದೇಶದಲ್ಲೂ ಕಾಯಿದೆ ಇಲ್ಲದ್ದರಿಂದ ಒಂದೊಂದರಲ್ಲಿ ಹದಿಮೂರು ಜನ ಇರುತ್ತಿದ್ದರು. ಭಾವ ಮೊದಲಲ್ಲಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಎಂಟನೆಯ ವರ್ಷ ಅಧ್ಯಯನ ಮಾಡುವುದಕ್ಕೆಂದು ಒಬ್ಬಾಕೆ ಬಂದರು, ಕೈಯಲ್ಲಿ ಹಲಗೆ, ಹಲಗೆಗೆ ಸಿಕ್ಕಿಸಿದ ಪ್ರಶ್ನೆಗಳು. ಹನ್ನೊಂದು ಜನರಲ್ಲಿ ಭಾವನನ್ನೇ ಆರಿಸಿಕೊಂಡರು. ಹಿಂದಿನ ದಿನ ಭಾವ ಉತ್ತರಗಳನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದರು. ರಸ್ತೆ ಸುರಕ್ಷತೆ, ಎರಡು ರಾಷ್ಟ್ರಗಳ ಬಾಂಧವ್ಯ ಎಂಬ ಮಾತುಗಳು ಬಚ್ಚಲಿನಿಂದಲೂ ಕೇಳಿಬರುತ್ತಿದ್ದವಂತೆ.

ಆಕೆಯ ಮೊದಲನೆಯ ಪ್ರಶ್ನೆಯೇ ಎಲ್ಲವನ್ನೂ ಅಳಿಸಿಹಾಕಿತು. ನೀವು ಇಲ್ಲದಿದ್ದರೆ ಲಾರಿಯಲ್ಲಿ ಏನಾಗುತ್ತದೆ ಎಂದು ಕೇಳಿದರು.

ಭಾವ ಬಹಳ ಹೊತ್ತು ಯೋಚಿಸಿ ಹೇಳಿದರು, “ಸೀಟು ಖಾಲಿ ಇರುತ್ತೆ.”

ಆಕೆ ಅರ್ಧ ಪುಟ ಬರೆದುಕೊಂಡರು. ಆಮೇಲೆ ಅವರ ಜೊತೆ ಒಂದು ಸುತ್ತು ಲಾರಿಯಲ್ಲೂ ಹೋದರು. ಹತ್ತನೆಯ ನಿಮಿಷಕ್ಕೆ ಏನಾಗಬೇಕಿತ್ತೋ ಅದಾಯಿತು. ಆ ಲಾರಿಯ ಡ್ರೈವರನನ್ನು ಎಲ್ಲರೂ ಹಾಡುಗಾರ ಎನ್ನುತ್ತಿದ್ದರು, ಹಾಡು ಬಾರದಿದ್ದರೂ ಹಾಡುತ್ತಿದ್ದುದರಿಂದ. ಹಾಡುಗಾರ ನನಗೆ ಹೇಳಿದ ಪ್ರಕಾರ ಆಯಮ್ಮ ಗೊರಕೆಯ ಸಮಯವನ್ನು ಗಡಿಯಾರ ನೋಡಿ ಗುರುತು ಹಾಕಿಕೊಂಡರು. ಮನೆಗೆ ಬಂದ ಭಾವ ಸಂದರ್ಶನ ಬಹಳ ಚೆನ್ನಾಗಿ ಆಯಿತು, ಆಕೆ ಒಂದು ಮಾತನ್ನೂ ಬಿಡದೆ ಬರೆದುಕೊಂಡರು ಎಂದರು.

ಮರುವರ್ಷ ಕೊನೆಯ ಸಭೆ ನಡೆದು ಒಪ್ಪಂದ ಮುಗಿಯಿತೆಂದು ಸುದ್ದಿ ಬಂತು. ವಾರ ಕಳೆಯುವಷ್ಟರಲ್ಲಿ ಸುತ್ತೋಲೆ ಬಂತು. ನಾನದನ್ನು ಅಕ್ಕನ ಹೊಲಿಗೆ ಮೇಜಿನ ಮೇಲೆ ಹರಡಿ ಓದಿದೆ. ಒಂಬತ್ತು ವರ್ಷದಲ್ಲಿ ಒಂದೇ ಒಂದು ಸುತ್ತೋಲೆ ಓದಿದ ಕೂಡಲೇ ಅರ್ಥವಾಯಿತೆಂದರೆ ಇದೇ. ನೆರೆಯ ದೇಶದ ನಿಯಮಕ್ಕೆ ಹೊಂದಿಕೊಂಡು, ಮುಂದಿನ ತಿಂಗಳ ಒಂದನೆಯ ತಾರೀಖಿನಿಂದ ನಮ್ಮ ದೇಶದಲ್ಲೂ ಭಾರೀ ಲಾರಿಯಲ್ಲಿ ಡ್ರೈವರ್ ಒಬ್ಬನೇ ಇರತಕ್ಕದ್ದು.

ಭಾವ ಇನ್ನೊಂದು ಸಲ ಓದು ಎಂದರು. ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಏನಾದರೂ ಇದೆಯೇ ನೋಡು ಎಂದರು. ಮುದ್ರಣಾಲಯದ ವಿಳಾಸವಿತ್ತು.

ಐವತ್ತೆರಡು ವರ್ಷದ ಮನುಷ್ಯ. ಕೂರುವುದು ಬಿಟ್ಟರೆ ಬೇರೆ ಕಸುಬಿಲ್ಲ. ಹಿಂದೊಮ್ಮೆ ಲಾರಿ ಓಡಿಸಲು ಕಲಿಯಹೋಗಿ, ಹಿಮ್ಮುಖವಾಗಿ ಹೋಗಿ, ಗೇಟಿನ ಬಳಿ ‘ಸ್ವಾಗತ’ ಎಂದು ಬರೆದಿದ್ದ ಫಲಕವನ್ನು ಮಲಗಿಸಿದ್ದರು. ಆ ಸೀಟು ಹೋದರೆ ಅವರೂ ಮನೆಯ ಒಂದು ಸಾಮಾನಿನಂತೆ ಆಗುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಕ್ಕ ಮಾತ್ರ ಹೊಲಿಗೆ ಯಂತ್ರದಿಂದ ಕಣ್ಣೆತ್ತದೆ ಹೇಳಿದಳು:

“ಗುಂಡಿ ಹಾಕೋಕೆ ನನಗೂ ಒಬ್ಬರು ಬೇಕಾಗಿತ್ತು. ಕೂತೇ ಮಾಡೋ ಕೆಲಸ. ನಿಮಗೆ ಅನುಭವ ಇದೆ.”

ತಿಂಗಳ ಕೊನೆಯ ದಿನ ಭಾವ ದಾಖಲೆ ಪುಸ್ತಕದಲ್ಲಿ ಮೂರು ಮನೆಯ ಸಹಿಯನ್ನು ಐದು ಮನೆಗೆ ಹಿಗ್ಗಿಸಿ ಹಾಕಿ ಬಂದರು. ಗೇಟಿನಲ್ಲಿ ಮೊಹರು ಒತ್ತುವ ಅಧಿಕಾರಿಯನ್ನು ನಾವೆಲ್ಲ ಮೊಹರಪ್ಪ ಎನ್ನುತ್ತೇವೆ. ಆತ ಎದ್ದುನಿಂತು ಕೈಕುಲುಕಿದನಂತೆ. ಮರುದಿನ, ಅಂದರೆ ಒಂದನೆಯ ತಾರೀಖು, ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಕೋಣೆಯ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕತೊಡಗಿದರು.

ಅದೇ ದಿನ ಬೆಳಿಗ್ಗೆ ಒಂಬತ್ತಕ್ಕೆ ನಾನು ಆಫೀಸಿಗೆ ಹೋದರೆ ಲಾರಿಗಳ ಸಾಲು ಕಣ್ಣಿಗೆ ಕಾಣುವವರೆಗೂ ನಿಂತಿತ್ತು. ನಮ್ಮ ಗೇಟಿಗೂ ಅವರ ಗೇಟಿಗೂ ಮಧ್ಯೆ ಮುನ್ನೂರು ಮೀಟರು ಜಾಗವಿದೆ. ಅದು ಎರಡು ದೇಶಕ್ಕೂ ಸೇರಿದ್ದಲ್ಲ. ಜನ ಅದನ್ನು ನಡುಮನೆ ಎನ್ನುತ್ತಾರೆ. ನಡುಮನೆಯೆಲ್ಲ ಲಾರಿ. ನಮ್ಮ ಗೇಟಿನವರು ಹೊಸ ನಿಯಮದಂತೆ ಡ್ರೈವರ್ ಒಬ್ಬನೇ ಇದ್ದಾನೆಯೇ ಎಂದು ನೋಡಿ ಹೊರಗೆ ಬಿಡುತ್ತಿದ್ದರು. ಮುನ್ನೂರು ಮೀಟರು ಹೋದ ಮೇಲೆ ಆ ಗೇಟಿನವರು ಕ್ಯಾಬಿನಿನೊಳಗೆ ಇಣುಕಿ ‘ಇನ್ನೊಬ್ಬ ಎಲ್ಲಿ?’ ಎನ್ನುತ್ತಿದ್ದರು.

ಆದದ್ದಿಷ್ಟು. ಕೊನೆಯ ಸಭೆಯಲ್ಲಿ ಯಾರ ನಿಯಮ ಉಳಿಯಬೇಕು ಎಂಬ ಮಾತು ಬಂದಾಗ ನಮ್ಮ ಮುಖ್ಯಸ್ಥರು ದೊಡ್ಡ ಮನಸ್ಸು ಮಾಡಿ, ನಿಮ್ಮ ನಿಯಮವೇ ಚೆನ್ನಾಗಿದೆ ಎಂದರು. ದೊಡ್ಡ ಮನಸ್ಸಿನಲ್ಲಿ ಹಿಂದೆ ಬೀಳಲು ಇಷ್ಟವಿಲ್ಲದ ಅವರ ಮುಖ್ಯಸ್ಥರು, ಛೆ ಛೆ, ನಿಮ್ಮದೇ ಮೇಲು ಎಂದರು. ಚಪ್ಪಾಳೆಯಾಯಿತು. ಎದುರಿನವರು ಆಡಿದ್ದು ಉಪಚಾರದ ಮಾತೆಂದೂ ತಾವು ಕೊಟ್ಟದ್ದು ಮಾತೆಂದರೆ ಮಾತೆಂದೂ ಇಬ್ಬರೂ ತಿಳಿದರು. ಊರಿಗೆ ಮರಳಿ ಇಬ್ಬರೂ ಕೊಟ್ಟ ಮಾತು ಉಳಿಸಿಕೊಂಡರು. ಒಂದೇ ತಾರೀಖಿಗೆ ನಾವು ಅವರಂತೆ ಆದೆವು, ಅವರು ನಮ್ಮಂತೆ ಆದರು. ಇದನ್ನು ಪರಸ್ಪರ ತಿಳಿಸುವ ಪತ್ರಗಳೂ ಹೊರಟಿದ್ದವು. ಅವು ಎರಡೂ ಗೇಟುಗಳಲ್ಲಿ ಸರಿಯಾದ ಮೊಹರಿಲ್ಲವೆಂದು ನಿಂತಿದ್ದವು.

ಹತ್ತು ಗಂಟೆಗೆ ಆ ಕಡೆಯ ಕಿಟಕಿಯಲ್ಲಿ ಒಂದು ಕಾಗದ ಅಂಟಿಸಿದರು. ಎರಡನೆಯ ವ್ಯಕ್ತಿಯಾಗಿ ಕೂರಲು ಬಯಸುವವರಿಗೆ ಅಲ್ಲೇ ಪರವಾನಗಿ ಕೊಡಲಾಗುವುದು. ಐದು ವರ್ಷದ ಅನುಭವ ಕಡ್ಡಾಯ. ನಮ್ಮ ಹಳೆಯ ಕಾಯಿದೆಯನ್ನು ಅವರು ಅಕ್ಷರ ಬಿಡದೆ ನಕಲು ಮಾಡಿದ್ದರು. ಅವರ ದೇಶದಲ್ಲಾದರೋ ನಿನ್ನೆಯವರೆಗೆ ಹಾಗೆ ಕೂರುವುದೇ ಅಪರಾಧವಾಗಿತ್ತು, ಅನುಭವ ಎಲ್ಲಿಂದ ಬರಬೇಕು. ನಾನು ಆ ಕಾಗದವನ್ನು ಎರಡು ಸಲ ಓದಿದೆ. ಇಡೀ ಭೂಮಂಡಲದಲ್ಲಿ ಆ ಕೆಲಸಕ್ಕೆ ಯೋಗ್ಯರಾದವರು ನಮ್ಮೂರಿನ ಹನ್ನೊಂದು ಜನ ಮಾತ್ರ ಎಂಬುದು ಹೊಳೆದಾಗ ಸ್ಕೂಟರ್ ಹತ್ತಿದೆ.

ಭಾವ ಆಗ ಒಂಬತ್ತನೆಯ ಅಂಗಿಗೆ ಗುಂಡಿ ಹಾಕುತ್ತಿದ್ದರು. ಅಕ್ಕ ಹಿಂದಿನ ಎಂಟನ್ನೂ ಬಿಚ್ಚುತ್ತಿದ್ದಳು. ನಾನು ಹೇಳಿದ್ದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಇಬ್ಬರು ಕೂರುವ ಹಾಗಿಲ್ಲ, ಆ ಕಡೆ ಕೂರಲೇಬೇಕು, ಅಂದರೆ ನಡುಮನೆಯಲ್ಲಿ ಲಾರಿ ಹತ್ತಿ ಆ ದೇಶಕ್ಕೆ ಹೋಗಬೇಕು. ಅಲ್ಲಿ ತಪಾಸಣೆ ಮುಗಿಯುವ ಊರು ಇನ್ನೂರ ಹತ್ತು ಕಿಲೋಮೀಟರು. ಹೋಗಿಬರಲು ಕಡಿಮೆಯೆಂದರೂ ಎರಡು ದಿನ.

ಭಾವನ ಎದೆ ಒಂದು ಸಲ ಉಬ್ಬಿತು, ‘ಎರಡು ದಿನ’ ಎಂದಾಗ ಇಳಿಯಿತು. ಮದುವೆಯಾದಂದಿನಿಂದ ಅವರು ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ಆದರೆ ಅಂತರರಾಷ್ಟ್ರೀಯ ಸಾರಿಗೆ ಎಂದು ಇಪ್ಪತ್ತಾರು ವರ್ಷ ಹೇಳಿಕೊಂಡು ಬಂದವರು ಈಗ ಒಲ್ಲೆ ಎನ್ನುವುದು ಹೇಗೆ. ಅಕ್ಕ ಹೋಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹಲ್ಲುಜ್ಜುವ ಬ್ರಷ್ ತೆಗೆದುಕೊಳ್ಳಿ ಎಂದಳು. ಅವರು ಕೈಚೀಲ ತೆಗೆದುಕೊಂಡರು, ಬ್ರಷ್ ಮರೆತರು.

ನಮ್ಮ ಗೇಟಿನಲ್ಲಿ ಮೊಹರಪ್ಪ ಅವರ ಕಾಗದಕ್ಕೆ ‘ದೇಶದಿಂದ ನಿರ್ಗಮನ’ ಎಂದು ಮೊಹರು ಒತ್ತಿದ. ಆ ಮೊಹರನ್ನು ಭಾವ ಲಕ್ಷ ಸಲ ನೋಡಿದ್ದರು, ತಮ್ಮ ಕಾಗದದ ಮೇಲೆ ನೋಡಿದ್ದು ಅದೇ ಮೊದಲು. ಅದನ್ನು ಊದಿ ಒಣಗಿಸಿದರು. ಹಳದಿ ಗೆರೆಯನ್ನು ಒಂದು ಕಾಲು ಎತ್ತಿಯೇ ದಾಟಿದರು, ನೀರಿನ ಕಾಲುವೆ ದಾಟುವವರ ಹಾಗೆ. ಆ ಕಡೆಯ ಕಿಟಕಿಗೆ ನಡೆದು ಹೋಗಿ ಪರವಾನಗಿ ತಂದರು. ಸಾಲಿನಲ್ಲಿ ನಿಂತಿದ್ದ ಹಾಡುಗಾರ ಅವರನ್ನು ಕಂಡು ಬಾಗಿಲು ತೆರೆದ. ನಾನು ನಮ್ಮ ಅಡ್ಡಕಂಬದ ಹತ್ತಿರ ನಿಂತು ಕೈ ಬೀಸಿದೆ. ಭಾವನೂ ಬೀಸಿದರು, ರೈಲಿನಲ್ಲಿ ಕೂತ ಮಂತ್ರಿಗಳ ಹಾಗೆ.

ಸಾಲು ಅರ್ಧ ಗಂಟೆಗೊಂದು ಲಾರಿಯಷ್ಟು ಸರಿಯುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಹಾಡುಗಾರನ ಲಾರಿ ಆ ಗೇಟು ತಲುಪಿತು. ಅವನು ಕಾಗದ ತೋರಿಸಲು ಇಳಿದು ಕಿಟಕಿಗೆ ಹೋದ. ಒಳಗೆ ಮೊಹರು ಬಿದ್ದ ಸದ್ದಾಯಿತು. ಮುಂದೆ ಆದದ್ದನ್ನು ನಾನು ಈ ಕಡೆಯಿಂದ ಕಣ್ಣಾರೆ ಕಂಡೆ. ಲಾರಿಯ ಎಡಬಾಗಿಲು ತೆರೆಯಿತು. ಭಾವ ಇಳಿದರು. ಚೀಲ ಹೆಗಲಿಗೇರಿಸಿದರು, ಅಂಗಿಯ ಹಿಂಬದಿ ಕೊಡವಿಕೊಂಡರು, ನಮ್ಮ ಕಡೆಗೆ ತಿರುಗಿ ಸಾವಕಾಶವಾಗಿ ನಡೆದು ಬರತೊಡಗಿದರು, ಇಪ್ಪತ್ತಾರು ವರ್ಷ ಮಾಡಿದ ಹಾಗೆಯೇ. ಅವರು ನೂರು ಹೆಜ್ಜೆ ಬರುವಷ್ಟರಲ್ಲಿ ಆ ಗೇಟಿನವನು ಕ್ಯಾಬಿನಿನೊಳಗೆ ಇಣುಕಿ ಹಾಡುಗಾರನ ಜೊತೆ ಜಗಳ ಶುರುಮಾಡಿದ್ದ. ಹಾಡುಗಾರ ಕೂಗಿದ, ಹಾರ್ನ್ ಹೊಡೆದ. ಭಾವ ನಿಂತರು, ಹಿಂದೆ ನೋಡಿದರು, ಮುಂದೆ ನೋಡಿದರು. ಅಷ್ಟರಲ್ಲಿ ನಮ್ಮೂರಿನ ಹನ್ನೊಂದು ಜನರಲ್ಲಿ ಇನ್ನೊಬ್ಬ, ಸುದ್ದಿ ತಿಳಿದು ಬಂದು ಪರವಾನಗಿ ಮಾಡಿಸಿಕೊಂಡು ಕಾಯುತ್ತಿದ್ದವನು, ಓಡಿಬಂದು ಆ ಸೀಟಿಗೆ ಹತ್ತಿ ಕೂತ. ಲಾರಿ ಹೋಯಿತು.

ಮೊಹರು ಒತ್ತುವಾಗಲೇ ಭಾವನ ಪರವಾನಗಿಯ ಮೇಲೆ ಆ ಲಾರಿಯ ನಂಬರು ಬರೆದಾಗಿತ್ತು. ಲಾರಿ ಹೋದ ಮೇಲೆ ಅದಕ್ಕೆ ಬೆಲೆಯಿಲ್ಲ, ಹೊಸದು ಬೇಕೆಂದರೆ ನಾಳಿದ್ದು ಬನ್ನಿ ಎಂದರು ಆ ಕಡೆಯವರು. ಭಾವ ನಮ್ಮ ಗೇಟಿಗೆ ಬಂದರು. ಮೊಹರಪ್ಪ ಅವರ ಕಾಗದ ತಿರುಗಿಸಿ ಮುರುಗಿಸಿ ನೋಡಿದ.

“ಒಳಗೆ ಬರೋ ಮೊಹರು ಹೋಗಿ ಬಂದವರಿಗೆ ಕಣ್ರೀ,” ಎಂದ. “ನೀವು ಹೋಗೇ ಇಲ್ವಲ್ಲ.”

“ಹೋಗಿಲ್ಲ ಅಂದ್ಮೇಲೆ ಇಲ್ಲೇ ಇದ್ದೀನಿ ಅಂತ ಅರ್ಥ ಅಲ್ವೇನಪ್ಪಾ.”

“ಇಲ್ಲೇ ಇದ್ರೆ ಹೊರಗೆ ಹೋದ ಮೊಹರು ಯಾಕಿದೆ?”

ಇಬ್ಬರೂ ಸ್ವಲ್ಪ ಹೊತ್ತು ಆ ಮೊಹರನ್ನೇ ನೋಡಿದರು. ನನ್ನನ್ನು ಕೇಳಿದರು. ಸುತ್ತೋಲೆ ಓದಬಲ್ಲವನೆಂದು ನನ್ನ ಹೆಸರಿತ್ತಲ್ಲ. ಇದರಲ್ಲಿ ಬಹಳ ಇದೆ ಎಂದೆ.

ಭಾವ ನಡುಮನೆಯಲ್ಲಿ ಉಳಿದರು. ಅಲ್ಲಿ ಆ ಹೊತ್ತಿಗೆ ಹೊಸ ಗೊಂದಲವೊಂದು ಶುರುವಾಗಿತ್ತು. ಆ ಕಡೆಯವರು ಐದು ವರ್ಷದ ಅನುಭವದ ಷರತ್ತನ್ನು ಫೋನಿನಲ್ಲೇ ತೆಗೆದುಹಾಕಿದ್ದರು. ಕೂಡಲೇ ಅವರ ಗಡಿಯೂರಿನಿಂದ ಎಪ್ಪತ್ತೆಂಬತ್ತು ಜನ ಕೂರುವ ಕೆಲಸಕ್ಕೆಂದು ನಡುಮನೆಗೆ ನುಗ್ಗಿದರು. ಯಾವ ಲಾರಿಗೆ ಯಾರು ಎಂಬುದು ಯಾರಿಗೂ ಗೊತ್ತಿಲ್ಲ. ಒಂದು ಲಾರಿಗೆ ಮೂವರು ಹತ್ತಿದ್ದರು, ಇನ್ನೊಂದಕ್ಕೆ ಯಾರೂ ಇಲ್ಲ. ಒಬ್ಬ ನಮ್ಮ ದೇಶದೊಳಕ್ಕೆ ಬರುವ ಲಾರಿ ಹತ್ತಿ ಕೂತು, ಇಳಿ ಎಂದರೆ ಇಳಿಯಲೊಲ್ಲ, ಕೂರುವುದೇ ನನ್ನ ಕೆಲಸ ಎನ್ನುತ್ತಿದ್ದ.

ಭಾವ ಹತ್ತು ನಿಮಿಷ ನೋಡುತ್ತ ನಿಂತರು. ಆಮೇಲೆ ಚೀಲವನ್ನು ಒಂದು ಕಲ್ಲಿನ ಮೇಲಿಟ್ಟು ಸಾಲಿನೊಳಗೆ ನಡೆದರು. ಆ ಹೆದ್ದಾರಿಯ ಒಬ್ಬೊಬ್ಬ ಡ್ರೈವರನೂ ಅವರಿಗೆ ಗೊತ್ತು. ಯಾರು ಬಾಯಿ ಬಿಡುವುದಿಲ್ಲ, ಯಾರು ಬಾಯಿ ಮುಚ್ಚುವುದಿಲ್ಲ, ಯಾರಿಗೆ ಬೀಡಿಯ ಹೊಗೆ ಆಗದು, ಯಾರ ಲಾರಿಯ ಸೀಟಿನಲ್ಲಿ ಸ್ಪ್ರಿಂಗು ಚುಚ್ಚುತ್ತದೆ ಎಲ್ಲವೂ ಗೊತ್ತು. ನೀನು ನೀಲಿ ಲಾರಿಗೆ ಹೋಗು, ಅವನು ಅತ್ತೆಮನೆಯ ಮಾತು ತೆಗೆದರೆ ಹೂಂಗುಟ್ಟುತ್ತಿರು ಸಾಕು. ನಿನಗೆ ಹೊಟ್ಟೆ ತೊಳಸುತ್ತದೆಯೋ, ಹಾಗಾದರೆ ಆ ಮುದುಕಪ್ಪನ ಜೊತೆ ಕೂರು, ಅವನು ತಿರುವಿನಲ್ಲಿ ನಿಧಾನ. ಇಪ್ಪತ್ತಾರು ವರ್ಷದಲ್ಲಿ ಅವರು ಎರಡು ಗಂಟೆ ಎಡೆಬಿಡದೆ ನಿಂತಿದ್ದನ್ನು ನಾನು ನೋಡಿದ್ದು ಅಂದೇ. ನಾಲ್ಕೂವರೆಗೆ ಸಾಲು ಅರ್ಧ ಕರಗಿತ್ತು. ಎರಡೂ ಗೇಟಿನ ಹಿರಿಯ ಅಧಿಕಾರಿಗಳು ಹೊರಬಂದು ನೋಡಿ, ತಮ್ಮ ತಮ್ಮ ದೇಶದ ಹೊಸ ನೀತಿ ಫಲ ಕೊಡುತ್ತಿದೆ ಎಂದು ಮೇಲಕ್ಕೆ ವರದಿ ಮಾಡಿದರು. ಇದನ್ನೆಲ್ಲ ಸರಿಪಡಿಸಲು ಮುಂದಿನ ತಿಂಗಳು ಮತ್ತೊಂದು ಸಭೆ ಇದೆಯೆಂಬ ಸುದ್ದಿಯೂ ಬಂತು. ಆ ಸಭೆಯಲ್ಲಿ ಎರಡೂ ಕಡೆಯವರು ಹಿಂದೆ ಸರಿಯುತ್ತಾರೋ, ಒಬ್ಬರು ಮಾತ್ರ ಸರಿಯುತ್ತಾರೋ, ಸರಿದರೆ ಯಾವ ದಿಕ್ಕಿಗೆ ಎಂಬುದು ಯಾರಿಗೂ ತಿಳಿದಿರಲಿಲ್ಲ.

ಐದು ಗಂಟೆಯ ಬಸ್ಸಿಗೆ ಅಕ್ಕ ಬಂದಳು, ಬ್ರಷ್ ತೆಗೆದುಕೊಂಡು. ಗಂಡ ಇಷ್ಟರಲ್ಲಿ ನೂರು ಕಿಲೋಮೀಟರು ಆಚೆ ಇರುತ್ತಾರೆ, ಮುಂದಿನ ಲಾರಿಯವನ ಕೈಯಲ್ಲಿ ಕಳಿಸೋಣ ಎಂದು ಬಂದವಳು. ನೋಡಿದರೆ ಗಂಡ ಅಡ್ಡಕಂಬದ ಆಚೆ, ಎರಡು ಮಾರು ದೂರದಲ್ಲಿ ನಿಂತಿದ್ದಾರೆ. ನಾನು ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ. ನಕ್ಕಿದ್ದರೆ ಭಾವನಿಗೆ ಹಗುರವಾಗುತ್ತಿತ್ತೇನೋ.

ಮೊಹರಪ್ಪನೂ ಅಷ್ಟರಲ್ಲಿ ಮನಸ್ಸು ತಡೆಯಲಾರದೆ, ನಿಯಮಾವಳಿಯ ದಪ್ಪ ಪುಸ್ತಕವನ್ನು ಮೊದಲಿನಿಂದ ಓದುತ್ತ ಕೂತಿದ್ದ. ಕೊನೆಗೊಂದು ಪುಟದ ಮೇಲೆ ಬೆರಳಿಟ್ಟ. ಮೊಹರಿಲ್ಲದೆ ದಿನವೂ ನಡುಮನೆಗೆ ಹೋಗಿಬರಬಹುದಾದ ನೌಕರ ಒಬ್ಬನೇ ಒಬ್ಬ ಇದ್ದ. ಎರಡು ದೇಶಗಳ ಸ್ನೇಹದ ಗುರುತಾಗಿ ಅಲ್ಲಿ ಹಿಂದೆ ಯಾವಾಗಲೋ ನಲವತ್ತು ಹೂಕುಂಡಗಳನ್ನು ಇಟ್ಟಿದ್ದರಂತೆ. ಅವಕ್ಕೆ ನೀರು ಹಾಕುವವನು. ಆ ಹುದ್ದೆ ಮೂರು ವರ್ಷದಿಂದ ಖಾಲಿಯಿತ್ತು. ಇವತ್ತಿನಿಂದ ಸೇರಿಕೊಂಡರೆ ಭಾವ ಈಗಲೇ ಮನೆಗೆ ಹೋಗಬಹುದು, ನಾಳೆ ಬಂದು ಲಾರಿಗಳ ಸಾಲನ್ನೂ ನೋಡಿಕೊಳ್ಳಬಹುದು, ಯಾರೂ ಕೇಳುವುದಿಲ್ಲ. ಒಂದೇ ಷರತ್ತು. ಒಬ್ಬ ಮನುಷ್ಯನಿಗೆ ಎರಡು ಗುರುತಿನ ಚೀಟಿ ಇರುವ ಹಾಗಿಲ್ಲ. ಹಳೆಯದನ್ನು ಒಪ್ಪಿಸಬೇಕು.

ಭಾವ ‘ಎರಡನೆಯ ವ್ಯಕ್ತಿ’ ಎಂದು ಅಚ್ಚಾಗಿದ್ದ ಆ ಚೀಟಿಯನ್ನು ಜೇಬಿನಿಂದ ತೆಗೆದರು, ಮತ್ತೆ ಜೇಬಿಗೆ ಹಾಕಿಕೊಂಡರು. ನಾಳಿದ್ದು ಪರವಾನಗಿ ಸಿಗುತ್ತದೆ, ಎರಡು ರಾತ್ರಿ ಇಲ್ಲೇ ಲಾರಿಯವರ ಜೊತೆ ಇದ್ದು ಆ ದೇಶಕ್ಕೆ ಹೋಗಿಬಿಡುತ್ತೇನೆ ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಅಕ್ಕ ಕಂಬದ ಹತ್ತಿರ ಬಂದಳು. “ಹೋಗೋ ಆಸೆ ಇದ್ರೆ ಹೋಗಿ, ನಾನು ಅಡ್ಡ ಬರಲ್ಲ. ಒಂದು ಮಾತು ನಿಜ ಹೇಳಿ. ಲಾರಿಯಿಂದ ಇಳಿದಿದ್ದು ನಿದ್ದೆಗಣ್ಣಲ್ಲೋ, ಬೇಕಂತಲೋ?”

ಭಾವ ಆ ಗೇಟಿನ ಕಡೆ ನೋಡಿದರು. ಅದರಾಚೆ ರಸ್ತೆ ಈ ಕಡೆಯ ಹಾಗೆಯೇ ಇತ್ತು.

“ನನಗೂ ಗೊತ್ತಿಲ್ಲ ಕಣೇ,” ಎಂದರು. “ಮೊಹರು ಬಿದ್ದ ಸದ್ದು ಕೇಳ್ತು. ಕಾಲು ಇಳೀತು. ಅರ್ಧ ದಾರಿಯಲ್ಲಿ ಎಚ್ಚರ ಆಯ್ತು. ಎಚ್ಚರ ಆದ್ಮೇಲೂ ನಿಲ್ಲಿಲ್ಲ, ಇನ್ನೊಂದಷ್ಟು ಹೆಜ್ಜೆ ನಡೆದೆ.”

“ಎಷ್ಟು ಹೆಜ್ಜೆ?”

“ಇಪ್ಪತ್ತಾದ್ರೂ ಇರಬಹುದು.”

ಅಕ್ಕ ನನ್ನ ಕಡೆ ತಿರುಗಿ, “ಫಾರಂ ತುಂಬೋ,” ಎಂದಳು.

ನಾನು ಅಡ್ಡಕಂಬದ ಮೇಲೇ ಹಲಗೆ ಇಟ್ಟು ತುಂಬಿದೆ. ಉದ್ಯೋಗ ಎಂಬಲ್ಲಿಗೆ ಬಂದಾಗ ಭಾವನ ಮುಖ ನೋಡಿದೆ. ಅವರು ಚೀಟಿಯನ್ನು ಮೊಹರಪ್ಪನ ಮೇಜಿನ ಮೇಲಿಟ್ಟು, ಬರೆಯೋ, ಆ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆ ಎಂದರು. ಸಹಿ ಹಾಕಿದರು. ಈ ಸಲ ಸಹಿ ಅದಕ್ಕೆ ಕೊಟ್ಟಿದ್ದ ಗೆರೆಯೊಳಗೇ ಇತ್ತು. ಅದು ನನಗೆ ಸರಿಬೀಳಲಿಲ್ಲ.

ಅಡ್ಡಕಂಬ ಏಳುತ್ತದೆಂದುಕೊಂಡೆವು. ಮೊಹರಪ್ಪ ಮತ್ತೊಮ್ಮೆ ಪುಸ್ತಕ ನೋಡಿ, ದಿನದ ಕೆಲಸ ಮುಗಿಯದೆ ನೌಕರನನ್ನು ಹೊರಗೆ ಬಿಡುವ ಹಾಗಿಲ್ಲವಲ್ಲ ಎಂದು ಬೇಸರದಿಂದಲೇ ಹೇಳಿ, ಕೋಣೆಯ ಮೂಲೆಯಿಂದ ಧೂಳು ಹಿಡಿದ ಎರಡು ನೀರಿನ ಡಬ್ಬಗಳನ್ನು ತಂದಿಟ್ಟ. ಕುಂಡಗಳಲ್ಲಿ ಗಿಡಗಳು ಇದ್ದವೋ ಇಲ್ಲವೋ ಹೇಳುವುದು ಕಷ್ಟ. ಕೆಲವು ಕಡ್ಡಿಗಳಂತೂ ಇದ್ದವು. ಭಾವ ಒಂದು ಡಬ್ಬ ತುಂಬಿಕೊಂಡು ಮೊದಲನೆಯ ಕುಂಡದಿಂದ ಶುರುಮಾಡಿದರು. ಮಧ್ಯೆ ಮಧ್ಯೆ ಯಾವನಾದರೂ ಡ್ರೈವರ್ ತಲೆ ಹೊರಗೆ ಹಾಕಿ, ನನಗೆ ಯಾರು ಎಂದು ಕೇಳುತ್ತಿದ್ದ. ಭಾವ ಡಬ್ಬವನ್ನೇ ಎತ್ತಿ ಒಬ್ಬನನ್ನು ತೋರಿಸಿ ಮುಂದಿನ ಕುಂಡಕ್ಕೆ ಹೋಗುತ್ತಿದ್ದರು.

ನಮ್ಮೂರಿಗೆ ಕೊನೆಯ ಬಸ್ಸು ಆರೂವರೆಗೆ. ಆರೂಕಾಲಿಗೆ ಇನ್ನೂ ಹತ್ತೊಂಬತ್ತು ಕುಂಡ ಉಳಿದಿದ್ದವು. ಅಕ್ಕ ಬಸ್ ನಿಲ್ದಾಣದ ಕಡೆ ನೋಡಿದಳು, ಗಡಿಯಾರ ನೋಡಿದಳು, ಬ್ರಷ್ಷನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಅಡ್ಡಕಂಬದ ಕೆಳಗಿಂದ ಆಚೆ ನುಸುಳಿ ಇನ್ನೊಂದು ಡಬ್ಬ ಎತ್ತಿಕೊಂಡಳು. ಮೊಹರಪ್ಪ ಬಾಯಿ ತೆರೆದವನು, ಏನು ಹೊಳೆಯಿತೋ, ಪುಸ್ತಕ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಓದತೊಡಗಿದ.